ಕೆಮ್ಮಿ ಒಳಗೆ ಬನ್ನಿ

ನಮ್ಮೂರಿನಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರಿಗೂ ಕೆಮ್ಮು. ಕಾಯಿಲೆಯಲ್ಲ, ಮರ್ಯಾದೆ. ಸ್ವಂತ ಅಡುಗೆಮನೆಗೆ ಹೋಗುವಾಗಲೂ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿ, ಒಳಗೆ ಇರಬಹುದಾದವರಿಗೆ ನಿಲ್ಲಲು ಒಂದು ಗಳಿಗೆ ಕೊಟ್ಟು, ಆಮೇಲೆ ಕಾಲಿಡಬೇಕು. ಒಲೆಯ ಪಕ್ಕದಲ್ಲಿ ಮೊಣಕಾಲೆತ್ತರದ ಮಣ್ಣಿನ ಕುರಿಗಾಹಿಯೊಬ್ಬ ನಿಂತಿದ್ದರೆ ಅವನನ್ನು ಬಳಸಿಕೊಂಡು ಹೋಗಿ ಹಾಲು ಕಾಯಿಸುತ್ತೇವೆ. ನಿಂತಿಲ್ಲದಿದ್ದರೂ ಹಾಲು ಕಾಯಿಸುತ್ತೇವೆ.

ಡಿಸೆಂಬರಿನ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಉಗ್ರಾಣದ ಬಾಗಿಲು ತೆಗೆದಿಡುತ್ತಾರೆ. ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ, ಮಣ್ಣಿನ ಬೊಂಬೆಗಳು ಅಲ್ಲಿಂದ ಹೊರಟು, ಊರೆಲ್ಲ ಸುತ್ತಿ, ಕ್ರಿಸ್ಮಸ್ಸಿನ ಹಿಂದಿನ ಸಂಜೆಯ ಹೊತ್ತಿಗೆ ಚರ್ಚಿನ ಮೂಲೆಯಲ್ಲಿ ಹುಲ್ಲು ಹೊದಿಸಿ ಕಟ್ಟಿದ ಗೋದಲಿ ಸೇರುತ್ತವೆ. ಯಾರೂ ನೋಡದಿರುವಾಗ ನಡೆಯುತ್ತವೆ, ನೋಡಿದರೆ ನಿಲ್ಲುತ್ತವೆ. ಹೊರಗಿನವರು ಇದನ್ನು ಕೇಳಿ ಬಾಯಿ ತೆರೆಯುತ್ತಾರೆ. ನಮಗೆ ಅದು ಬಸ್ಸು ತಡವಾಗಿ ಬರುವಷ್ಟೇ ಸಹಜ. ನಮ್ಮ ತಕರಾರುಗಳೇ ಬೇರೆ. ಕತ್ತೆ ಪ್ರತಿ ವರ್ಷವೂ ಪುಟ್ಟಮಾದಮ್ಮನ ಹಿಟ್ಟಿನ ಗಿರಣಿಯಲ್ಲೇ ಯಾಕೆ ತಂಗಬೇಕು? ಜ್ಞಾನಿಗಳು ಅನ್ನಿಸಿಕೊಂಡ ಮೂವರು ಸಲೂನಿನ ಬೆಂಚು ಬಿಟ್ಟು ಯಾಕೆ ಏಳುವುದಿಲ್ಲ? ಮೇಲಿನ ಬೀದಿಗೆ ದೇವದೂತ ಹೋದರೆ ಕೆಳಗಿನ ಬೀದಿಗೆ ಬರೀ ಕುರಿಗಳೇ? ಬಾಲಯೇಸುವನ್ನು ಮಾತ್ರ ಚರ್ಚಿನ ಸ್ವಾಮಿಗಳು ಪೂಜೆಯ ಹೊತ್ತಿನಲ್ಲಿ ಕೈಯಲ್ಲಿ ಎತ್ತಿಕೊಂಡು ಬಂದು ಮಲಗಿಸುತ್ತಾರೆ. ಕೂಸಿಗೆ ನಡೆಯಲು ಬರುವುದಿಲ್ಲವಲ್ಲ.

ಮಿಕ್ಕವರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಕೈ ಸೇದಿಹೋಗುತ್ತದೆ ಎಂದೇನೂ ಅಲ್ಲ. ನಾನು ಹುಟ್ಟುವುದಕ್ಕೆ ಮೊದಲು ಒಬ್ಬ ಸ್ವಾಮಿಗಳು ಇಷ್ಟೆಲ್ಲ ಕಾಯುವುದೇಕೆಂದು ಎಲ್ಲರನ್ನೂ ತಳ್ಳುಗಾಡಿಯಲ್ಲಿ ತರಿಸಿ ಗೋದಲಿಯಲ್ಲಿ ಸಾಲಾಗಿ ನಿಲ್ಲಿಸಿದರಂತೆ. ಬೆಳಿಗ್ಗೆ ನೋಡಿದರೆ ಕುರಿ, ಕತ್ತೆ, ದೇವದೂತ ಸಮೇತ ಎಲ್ಲರೂ ಗೋಡೆಯ ಕಡೆಗೆ ತಿರುಗಿ ನಿಂತಿದ್ದರು. ಆ ವರ್ಷ ಊರು ಬೆನ್ನುಗಳಿಗೆ ಕೈಮುಗಿದು ಹಬ್ಬ ಮಾಡಿತು. ಆ ಅವಮಾನವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಅದಾದ ಮೇಲೆ ಊರಿನ ಪ್ರತಿ ಮನೆಯ ಪ್ರತಿ ಹೊಸಿಲಿನ ನಡುವೆ ಒಂದು ಗೇಣಗಲದ ಕಚ್ಚು ಹೊಡೆದರು, ಅವರು ಎಡವದೆ ದಾಟಲಿ ಎಂದು. ಬಾಗಿಲು ಕಮಿಟಿ ಹುಟ್ಟಿದ್ದೂ ಆಗಲೇ. ಡಿಸೆಂಬರಿನಲ್ಲಿ ಯಾರೂ ಬಾಗಿಲು ಹಾಕದಂತೆ ನೋಡಿಕೊಳ್ಳುವುದು ಅದರ ಕೆಲಸ. ಹಾಕಿದವರು ಹಬ್ಬದ ಮರುದಿನ ಚರ್ಚಿನ ನೆಲ ತೊಳೆಯಬೇಕು.

ಬಾಗಿಲು ಕಮಿಟಿಯ ಅಧ್ಯಕ್ಷ ಚೌರಪ್ಪ ನನ್ನ ಅಪ್ಪ. ಬೆತ್ತ ಹಿಡಿದು ಬೀದಿ ಸುತ್ತುತ್ತ, ಮುಚ್ಚಿದ ಬಾಗಿಲು ಕಂಡರೆ "ಯಾರಪ್ಪಾ ಅದು, ಜಾಗ ಇಲ್ಲ ಅಂದ ಬೆತ್ಲೆಹೇಮಿನ ಛತ್ರದೋರು?" ಎಂದು ಕೂಗುವುದು ಅವನ ರೂಢಿ. ನಮ್ಮ ಮುಂಬಾಗಿಲಿಗೆ ಅವನೇ ಒಂದು ಹಲಗೆ ಬರೆಸಿ ಹಾಕಿದ್ದ: ಕೆಮ್ಮಿ ಒಳಗೆ ಬನ್ನಿ. ಆ ಹಲಗೆಯ ಅಕ್ಷರಗಳು ಬಹಳ ಚೆನ್ನಾಗಿದ್ದವು. ಬರೆದವನು ತಿಮ್ಮರಾಜು. ನಮ್ಮ ಮನೆಯೆದುರಿನ ಉದ್ದ ಗೋಡೆಗೆ ಸಿಮೆಂಟಿನ ಜಾಹೀರಾತು ಬರೆಯಲು ಬಂದಿದ್ದ. 'ಬಿರುಕಿಲ್ಲದ ಬಾಂಧವ್ಯ' ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದು, ನಮ್ಮ ಹಲಗೆಯನ್ನೂ ಬರೆದುಕೊಟ್ಟು, ಮುಂದಿನ ಊರಿನ ಗೋಡೆಗೆ ಹೋದ. ಅವನ ಫೋನು ಸ್ವಲ್ಪ ದಿನ ರಿಂಗಾಯಿತು. ಆಮೇಲೆ ಅದೂ ಇಲ್ಲ. ಡಿಸೆಂಬರ್ ಬರುವಾಗ ನನಗೆ ಏಳು ತಿಂಗಳಾಗಿತ್ತು.

ಊರಿನವರ ಲೆಕ್ಕದಲ್ಲಿ ಸಗಾಯಿ, ಅಂದರೆ ನಾನು, ದೂರದ ಊರಿಗೆ ಹೊಲಿಗೆ ತರಬೇತಿಗೆ ಹೋಗಿದ್ದೆ. ನಿಜದಲ್ಲಿ ನಡುಮನೆ ದಾಟಿದರೆ ಸಿಗುವ ಕಿಟಕಿಯಿಲ್ಲದ ಒಳಕೋಣೆಯಲ್ಲಿ, ರಾಗಿಯ ಡ್ರಮ್ಮಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದೆ. ಹಬ್ಬದ ಮರುದಿನ ಯಾವುದೋ ಕಾನ್ವೆಂಟಿನಿಂದ ಕಾರು ಬರುವುದೆಂದು ತೀರ್ಮಾನವಾಗಿತ್ತು. ಅಲ್ಲೇ ಹೆರಿಗೆ, ಮಗುವನ್ನು ಅಲ್ಲೇ ಯಾರಿಗೋ ಕೊಟ್ಟು, ಬೇಸಿಗೆಗೆ ನಾನು ಹೊಲಿಗೆಯ ಸರ್ಟಿಫಿಕೇಟಿನೊಂದಿಗೆ ಮರಳಿ ಬರುವುದು. ಅಪ್ಪ ಸರ್ಟಿಫಿಕೇಟನ್ನೂ ಹೊಂದಿಸಿದ್ದ. ಮಗುವನ್ನು ಕೊಡುವುದಿಲ್ಲ ಎಂದು ನಾನು ಹೇಳಿದ್ದೆ. ಹೇಳಿದ್ದು ಒಳಕೋಣೆಯಲ್ಲಾದ್ದರಿಂದ ಅದು ಒಳಕೋಣೆಯಲ್ಲೇ ಉಳಿಯಿತು.

ಅಮ್ಮ ಇಲ್ಲದ ಮನೆಯಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದವಳು ಅಪ್ಪನ ಅಕ್ಕ, ಆರೋಗ್ಯತ್ತೆ. ತಟ್ಟೆಗೆ ಮುದ್ದೆ ಹಾಕುವಾಗ ಒಂದು ಮಾತನ್ನೂ ಜೊತೆಗೆ ಹಾಕದೆ ಅವಳಿಗೆ ಸಮಾಧಾನವಿರಲಿಲ್ಲ. "ಸಿಮೆಂಟು ಗಟ್ಟಿ ಅಂತ ಗೋಡೆ ಮೇಲೆ ಬರ್ದ, ತಾನು ಮಾತ್ರ ಬರೀ ಮರಳು. ಉಣ್ಣು, ಉಣ್ಣು. ಇಬ್ಬರದ್ದು ಉಣ್ಣಬೇಕಲ್ಲ." ನಾನು ಬೇಡವೆಂದರೆ ಇನ್ನೊಂದು ಸೌಟು ಸಾರು ಸುರಿದು, "ಬೇಡ ಅನ್ನೋದು ಆಗ ಗೊತ್ತಿದ್ದಿದ್ರೆ" ಅನ್ನುತ್ತಿದ್ದಳು.

ಅಧ್ಯಕ್ಷನ ಮನೆಯಾದ್ದರಿಂದ ಮುಂಬಾಗಿಲು ಸದಾ ತೆರೆದೇ ಇರಬೇಕು. ಹಾಗಾಗಿ ಅಪ್ಪ ಒಳಕೋಣೆಗೆ ಹೊರಗಿನಿಂದ ಚಿಲಕ ಹಾಕತೊಡಗಿದ. ಮೊದಲು ಬಾಗಿಲನ್ನು ಬರೀ ಮುಂದೆ ಮಾಡಿಡುತ್ತಿದ್ದ. ಒಂದು ಸಂಜೆ ಮರಿಯಮ್ಮನವರ ಗಂಡ ಜೋಸೆಫರು ಗಿರಣಿಯ ಹತ್ತಿರ, ನಮ್ಮ ಬೀದಿಯ ಕಡೆ ಮುಖ ಮಾಡಿ ನಿಂತಿದ್ದಾರೆಂದು ಸುದ್ದಿ ಬಂತು. ಅಪ್ಪ ಹೆದರಿದ. ಬೊಂಬೆ ಯಾವ ಮನೆ ಹೊಕ್ಕರೂ ಅಕ್ಕಪಕ್ಕದವರು ನೋಡಲು ಬರುತ್ತಾರೆ, ಯಾವ ಕೋಣೆಗೆ ಹೋದರೆ ಆ ಕೋಣೆಗೂ ಬರುತ್ತಾರೆ. ಮರುದಿನ ಬೆಳಿಗ್ಗೆ, ನಾನು ಹಿತ್ತಲಲ್ಲಿ ಮುಖ ತೊಳೆದು ಬಂದದ್ದೇ ತಡ, ಚಿಲಕವನ್ನು ಎಳೆದು ಭದ್ರವಾಗಿ ಹಾಕಿದ. ಹೆಂಚಿನ ನಡುವಿನ ಗಾಜಿನಿಂದ ಬೆಳಕು ಇಳಿದಾಗ ನಾನು ನೋಡಿದೆ: ರಾಗಿಯ ಡ್ರಮ್ಮಿನ ಮಗ್ಗುಲಲ್ಲಿ ಕಂದು ನಿಲುವಂಗಿಯ ಜೋಸೆಫರು ನಿಂತಿದ್ದರು. ಒಂದು ಕಿವಿಯ ಚೂರು ಉದುರಿತ್ತು. ಕೈಯಲ್ಲಿ ಬಿದಿರಿನ ಕೋಲು. ಅವರು ಬರದಿರಲಿ ಎಂದು ಅಪ್ಪ ಬಾಗಿಲು ಹಾಕಿದ್ದ. ಅವರು ಆಗಲೇ ಒಳಗಿದ್ದರು. ನಾನು ಕೆಮ್ಮುವುದನ್ನು ಮರೆತಿದ್ದೆ.

ಮಧ್ಯಾಹ್ನ ಊಟ ತಂದ ಅತ್ತೆ ತಟ್ಟೆ ಬೀಳಿಸಲಿಲ್ಲ, ಅಷ್ಟೇ. "ಅಯ್ಯೋ ಮಾತಾಯೀ! ಚೌರಾ, ಬಾರೋ ಇಲ್ಲಿ. ನಿನ್ನ ಚಿಲಕದ ಚಂದ ನೋಡು ಬಾ!"

ಅಪ್ಪ ಬಂದು ನೋಡಿ ಗೋಡೆಗೆ ಒರಗಿದ. ಎತ್ತಿ ಹೊರಗಿಡುವಂತಿಲ್ಲ. ಬೆನ್ನು ತೋರಿಸಿದ ಜೋಸೆಫರನ್ನು ಗೋದಲಿಯಲ್ಲಿ ಕಂಡರೆ ಯಾರೋ ಮುಟ್ಟಿದ್ದಾರೆ ಎಂದು ಇಡೀ ಊರಿಗೆ ಗೊತ್ತಾಗುತ್ತದೆ. ಯಾರು ಎಂದು ಹುಡುಕುವ ಕೆಲಸ ಕಮಿಟಿಯ ಅಧ್ಯಕ್ಷನದೇ. ಅವನು ಮಂಡಿಯೂರಿ ಮಣ್ಣಿನ ಕಿವಿಯ ಹತ್ತಿರ ಬಾಯಿಟ್ಟು, "ತಂದೇ, ನಿಮ್ಗೆ ಊರಲ್ಲಿ ಇದೊಂದೇ ಕೋಣೆನಾ ಸಿಕ್ಕಿದ್ದು?" ಎಂದು ಪಿಸುಗುಟ್ಟಿದ. ಅದು ಕಿವಿಯ ಚೂರು ಉದುರಿದ್ದ ಕಡೆ. ಕೇಳಿಸಿತೋ ಇಲ್ಲವೋ.

ಆಮೇಲೆ ದಿನಾ ಮಧ್ಯಾಹ್ನ ಒಂದು ಏರ್ಪಾಡಾಯಿತು. ಬೀದಿ ಉಂಡು ಮಲಗಿದ ಹೊತ್ತಿನಲ್ಲಿ ಅಪ್ಪ ಚಿಲಕ ತೆಗೆದು, ಬಾಗಿಲು ಅಗಲ ಮಾಡಿ, ನನಗೆ ಗೋಡೆಯ ಕಡೆ ತಿರುಗಿ ಮಲಗಲು ಹೇಳಿ, ತಾನೂ ಅತ್ತೆಯೂ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಬಂದು ನೋಡಿದರೆ ಜೋಸೆಫರು ಅಲ್ಲೇ. ಒಂದಿಂಚೂ ಕದಲಿಲ್ಲ. ಅಪ್ಪ ಬಿಳಿಚಿಕೊಳ್ಳುತ್ತಿದ್ದ. "ನೋಡಿದ್ಯಾ ಅಕ್ಕ? ಪಾಪ ಇರೋ ಕಡೆ ಅವರು ಸಾಕ್ಷಿ ನಿಂತವ್ರೆ." ಮತ್ತೆ ಚಿಲಕ.

ವಿಷಯ ಅಷ್ಟು ದೊಡ್ಡದಾಗಿರಲಿಲ್ಲ. ಗೋಡೆಗೆ ನನ್ನ ಸ್ಟೀಲು ತಟ್ಟೆ ಒರಗಿಸಿಟ್ಟಿತ್ತು. ನಾನು ಗೋಡೆಯ ಕಡೆ ತಿರುಗಿದರೆ ಅದರಲ್ಲಿ ಜೋಸೆಫರು ಕಾಣುತ್ತಿದ್ದರು, ಸ್ವಲ್ಪ ಉದ್ದವಾಗಿ, ಸ್ವಲ್ಪ ಸೊಟ್ಟವಾಗಿ. ನಾನು ಅವರನ್ನೇ ನೋಡುತ್ತ ಮಲಗಿರುತ್ತಿದ್ದೆ. ನೋಡಿದರೆ ಅವರು ನಡೆಯುವಂತಿಲ್ಲ. ನಡೆದರೆ ಆ ಕೋಣೆಯಲ್ಲಿ ಮತ್ತೆ ನಾನೊಬ್ಬಳೇ. ಇಷ್ಟು ತಿಂಗಳಲ್ಲಿ ನನ್ನ ಹೊಟ್ಟೆಯನ್ನು ನೋಡಿಯೂ ಏನೂ ಕೇಳದವರು ಅವರೊಬ್ಬರೇ. ಯಾರ ಮಗು ಎಂದು ಕೇಳುವ ಅಧಿಕಾರ ಈ ಲೋಕದಲ್ಲಿ ಯಾರಿಗಾದರೂ ಇದ್ದಿದ್ದರೆ ಅದು ಅವರಿಗಿತ್ತು. ಮರಿಯಮ್ಮನವರ ಹೊಟ್ಟೆಯ ಕೂಸು ತಮ್ಮದಲ್ಲವೆಂದು ಗೊತ್ತಿದ್ದೂ ಅವರೇ ಕೇಳದೆ ಗಂಟುಮೂಟೆ ಕಟ್ಟಿ ಕತ್ತೆ ಹೊರಡಿಸಿದವರು.

ಹಬ್ಬದ ಹಿಂದಿನ ದಿನ ಬಂತು. ಮಧ್ಯಾಹ್ನದ ಹೊತ್ತಿಗೆ ಮಾತೆ ಮರಿಯಮ್ಮನವರು ಚರ್ಚಿನ ಗೇಟು ಮುಟ್ಟಿ, ಅಲ್ಲೇ ನಿಂತುಬಿಟ್ಟರು. ನಮ್ಮ ಜಗಲಿಯ ಮೇಲೆ ಜನ ಸೇರಿದ್ದು ನನಗೆ ಗೋಡೆಯ ಈಚೆ ಕೇಳಿಸುತ್ತಿತ್ತು.

"ಗಂಡ ಬರೋವರ್ಗೂ ಒಳಗ್ ಕಾಲಿಡಲ್ಲ ಅಂತ ಕಾಣ್ತದೆ," ಅದು ಪುಟ್ಟಮಾದಮ್ಮ. ಅವಳು ನಮ್ಮ ಧರ್ಮದವಳಲ್ಲ. ಆದರೆ ಕತ್ತೆಯ ಕಡೆಯವಳು.

"ಗಿರಣಿ ಬಿಟ್ಟ ಮೇಲೆ ಅವ್ರನ್ನ ಯಾರೂ ನೋಡಿಲ್ಲ," ಎಂದರು ಉಪದೇಶಿ ಇನ್ನಾಸಪ್ಪ. ಚರ್ಚಿನಲ್ಲಿ ಮಕ್ಕಳಿಗೆ ಜಪ ಕಲಿಸುವವರು, ಸ್ವಾಮಿಗಳಿಗಿಂತ ಹೆಚ್ಚು ಗೊತ್ತಿರುವವರು. "ಅಧ್ಯಕ್ಷರೇ, ಮನೆ ಮನೆ ಹುಡುಕಲೇಬೇಕು."

"ಹುಡುಕೋಣ, ಹುಡುಕೋಣ. ಮೊದಲು ಕೆಳಗಿನ ಬೀದಿ," ಎಂದ ಅಪ್ಪ.

ನನ್ನ ಅಪ್ಪ ಬೆತ್ತ ಹಿಡಿದು, ತನ್ನ ಮನೆಯಲ್ಲಿ ರಾಗಿಯ ಡ್ರಮ್ಮಿನ ಪಕ್ಕದಲ್ಲಿ ನಿಂತವರನ್ನು ಊರೆಲ್ಲ ಹುಡುಕಿದ. ಮಂಚದ ಕೆಳಗೆ ಬಗ್ಗಿದನಂತೆ, ಬಾವಿಯೊಳಗೆ ಇಣುಕಿದನಂತೆ, ಕೋಳಿಗೂಡಿಗೂ ಕೆಮ್ಮಿ ಕೈ ಹಾಕಿದನಂತೆ. ಅಷ್ಟು ಶ್ರದ್ಧೆಯಿಂದ ಹುಡುಕಿದವನನ್ನು ಯಾರೂ ಕಂಡಿರಲಿಲ್ಲ. ಬಿಸಿಲು ಇಳಿಯುವಾಗ ಮೆರವಣಿಗೆ ನಮ್ಮ ಜಗಲಿಗೇ ವಾಪಸಾಯಿತು, ಈ ಸಲ ಸ್ವಾಮಿಗಳೂ ಜೊತೆಗಿದ್ದರು. ವಯಸ್ಸು ಚಿಕ್ಕದು, ಬೇರೆ ಊರಿನವರು, ಇದು ಅವರ ಮೊದಲ ಡಿಸೆಂಬರ್. ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ತಿಂಗಳಿಡೀ ದಾಟಿಕೊಂಡು ನಡೆದು ಸುಸ್ತಾಗಿದ್ದರು.

"ಎಲ್ಲರ ಮನೆನೂ ಆಯ್ತು," ಎಂದರು ಇನ್ನಾಸಪ್ಪ. "ಅಧ್ಯಕ್ಷರ ಮನೆ ಒಂದು ಬಿಟ್ಟು."

"ನಮ್ಮನೆ ಬಾಗಿಲು ಯಾವಾಗ್ಲೂ ತೆರ್ದೇ ಇರ್ತದಲ್ಲ," ಎಂದ ಅಪ್ಪ. ದನಿ ಒಣಗಿತ್ತು.

"ಅದಕ್ಕೇ ಅಲ್ವಾ ನೋಡ್ಬೇಕಾಗಿರೋದು?" ಎಂದಳು ಪುಟ್ಟಮಾದಮ್ಮ.

ಅವರೆಲ್ಲ ಒಟ್ಟಿಗೆ ಕೆಮ್ಮಿದರು. ಕ್ಷಯರೋಗದ ವಾರ್ಡೊಂದು ಮನೆಗೆ ನುಗ್ಗಿದ ಹಾಗಿತ್ತು. ನಡುಮನೆ, ಅಡುಗೆಮನೆ, ಹಿತ್ತಲು. ಆಮೇಲೆ ನನ್ನ ಬಾಗಿಲ ಮುಂದೆ ಸದ್ದು ನಿಂತಿತು. "ಚೌರಪ್ಪ, ಇದ್ಯಾಕೆ ಚಿಲಕ?" ಎಂದು ಇನ್ನಾಸಪ್ಪ ಕೇಳಿದರು. ಚಿಲಕ ತೆಗೆದದ್ದು ಆರೋಗ್ಯತ್ತೆ. "ನೋಡ್ಕಳಿ, ಬನ್ನಿ. ಹಬ್ಬಕ್ಕೆ ಇನ್ನೇನು ಬಾಕಿ?" ಎಂದಳು.

ನಾನು ಎದ್ದು ನಿಂತಿದ್ದೆ. ಏಳು ತಿಂಗಳನ್ನು ಸೆರಗಿನಲ್ಲಿ ಮುಚ್ಚಲು ಆಗುವುದಿಲ್ಲ, ಪ್ರಯತ್ನವನ್ನೂ ಮಾಡಲಿಲ್ಲ. ಅವರು ನನ್ನನ್ನು ನೋಡಿದರು, ಜೋಸೆಫರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಯಾರೋ "ಹೊಲಿಗೆ ಟ್ರೇನಿಂಗು" ಎಂದು ಶುರುಮಾಡಿ ನಿಲ್ಲಿಸಿದರು. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ. ಆದರೆ ಬಂದದ್ದು ಬೇರೆ. ಹಿಂದಿನ ಸಾಲಿನ ಹೆಂಗಸೊಬ್ಬಳು ಮೆಲ್ಲನೆ ಮೊಣಕಾಲೂರಿದಳು. ಪಕ್ಕದವಳೂ ಊರಿದಳು. ಎಲ್ಲಿಂದಲೋ ಒಂದು ಮೇಣದ ಬತ್ತಿ ಬಂತು, ಹಚ್ಚಿಯೂ ಆಯಿತು.

ಇನ್ನಾಸಪ್ಪನವರು ಕೈಜೋಡಿಸಿದರು. "ಮಗಳೇ ಸಗಾಯಿ, ಜೋಸೆಪ್ಪನವರು ಸುಮ್ಮನೆ ಒಂದು ಕಡೆ ನಿಲ್ಲೋರಲ್ಲ. ಇದು ಹೆಂಗಾಯ್ತು ಅಂತ ನಿಂಗೆ ಗೊತ್ತಿಲ್ಲ, ಅಲ್ವಾ?"

"ಗೊತ್ತು ಮಾಮ."

"ಗೊತ್ತಿಲ್ಲ ಅನ್ನವ್ವ, ಸಾಕು. ಇನ್ನೇನೂ ಹೇಳ್ಬೇಡ. ಮಿಕ್ಕಿದ್ದು ನಾವು ನೋಡ್ಕತೀವಿ."

"ಉಪದೇಶಿಗಳೇ," ಎಂದು ಸ್ವಾಮಿಗಳು ಹಣೆ ಒರೆಸಿಕೊಂಡರು, "ಇಂಥದ್ದನ್ನೆಲ್ಲ ಬಿಷಪ್ಪರಿಗೆ ತಿಳಿಸದೆ..."

"ನೀವು ಸುಮ್ನಿರಿ ಸ್ವಾಮಿ, ನಿಮ್ಗೆ ಊರು ಹೊಸದು."

ಆಗ ಅಪ್ಪ ನನ್ನ ಮುಖ ನೋಡಿದ. ವಿಷಯ ತಿಳಿದಂದಿನಿಂದ ಮೊದಲ ಬಾರಿಗೆ. ಆ ಕಣ್ಣಿನಲ್ಲಿ ಎಷ್ಟು ಆಸೆಯಿತ್ತೆಂದರೆ ನನಗೆ ಪಾಪ ಅನ್ನಿಸಿತು. ಒಂದು ಮಾತು ಸಾಕಿತ್ತು. ಗೊತ್ತಿಲ್ಲ ಎಂದರೆ ನಾಡಿದ್ದು ಕಾರು ಬರುತ್ತಿರಲಿಲ್ಲ. ಮಗುವನ್ನು ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ. ಒಳಕೋಣೆಗೆ ಸುಣ್ಣ ಹೊಡೆಸಿ ದೀಪ ಇಡುತ್ತಿದ್ದರು. ಆದರೆ ಆ ಮಗು ನನ್ನದಾಗಿ ಉಳಿಯುತ್ತಿರಲಿಲ್ಲ. ಅದಕ್ಕೆ ಜ್ವರ ಬಂದರೆ ಊರು ಅರ್ಥ ಹೇಳುತ್ತಿತ್ತು, ಅದು ಅತ್ತರೆ ಕಮಿಟಿ ಸಭೆ ಸೇರುತ್ತಿತ್ತು. ಕಾನ್ವೆಂಟಿನ ಕಾರು ಒಯ್ಯುವ ಬದಲು ಇವರು ಒಯ್ಯುತ್ತಿದ್ದರು, ಅಷ್ಟೇ. ಅದೂ ನನ್ನ ಕಣ್ಣೆದುರಿಗೇ.

"ತಿಮ್ಮರಾಜು ಅಂತ," ಎಂದೆ. "ಎದುರುಗಡೆ ಗೋಡೆ ಬರೆದೋನು. ನಂಗೆ ಇಷ್ಟ ಆಗಿದ್ದ. ಹೊರಟುಹೋದ. ಮಗು ನಂದು, ನಾನೇ ಸಾಕ್ತೀನಿ. ಎಲ್ಲಿಗೂ ಕಳಿಸಲ್ಲ."

ಮೇಣದ ಬತ್ತಿ ಹಿಡಿದವಳು ಅದನ್ನು ಉಫ್ ಎಂದು ಆರಿಸಿದಳು. ಮೊಣಕಾಲೂರಿದ್ದವರು ಏಳಲೋ ಬೇಡವೋ ತಿಳಿಯದೆ ಅರ್ಧಕ್ಕೆ ನಿಂತರು.

"ಅಕ್ಷರ ಮಾತ್ರ ಚೆನ್ನಾಗಿ ಬರೀತಿದ್ದ," ಎಂದಳು ಪುಟ್ಟಮಾದಮ್ಮ, ಯಾರಾದರೂ ಏನಾದರೂ ಹೇಳಬೇಕಲ್ಲ ಎಂದು.

"ಹಂಗಾದ್ರೆ ಜೋಸೆಪ್ಪನವರು ಇಲ್ಯಾಕೆ ನಿಂತವ್ರೆ?" ಇನ್ನಾಸಪ್ಪ ಗದರಿದರು. ತಮ್ಮ ಕೈಯಿಂದ ಯಾರೋ ಏನೋ ಕಿತ್ತುಕೊಂಡ ಹಾಗಿತ್ತು ಆ ದನಿ.

ನಾನು ತಟ್ಟೆ ತೋರಿಸಿದೆ. ಬಾಗಿಲು ತೆರೆದಾಗಲೆಲ್ಲ ಅದರಲ್ಲಿ ನೋಡುತ್ತಿದ್ದೆ, ಹಾಗಾಗಿ ಅವರಿಗೆ ಹೋಗಲಾಗಲಿಲ್ಲ, ಎಂದೆ. ಗುಂಪಿನಲ್ಲಿ ಗುಜುಗುಜು ಎದ್ದಿತು. ಆರೋಗ್ಯತ್ತೆ ತಟ್ಟೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಊರಿಗೆ ಹಬ್ಬ ಇಲ್ದಂಗೆ ಮಾಡಿ, ಉಣ್ಣೋ ತಟ್ಟೇಲಿ ನೋಡ್ತಿದ್ಲಂತೆ!" ಎಂದಳು. ಅಪ್ಪ ಕುಸಿದು ಹೊಸಿಲ ಪಕ್ಕ ಕುಳಿತ. ಪಾಪದ ಸಾಕ್ಷಿಗಿಂತ ತಟ್ಟೆ ಅವನನ್ನು ಹೆಚ್ಚು ನೋಯಿಸಿದಂತಿತ್ತು.

ಗೆಲುವಾದವರು ಸ್ವಾಮಿಗಳೊಬ್ಬರೇ. ಒಂದು ತಿಂಗಳಲ್ಲಿ ಮೊದಲ ಸಲ ಅವರಿಗೆ ಅರ್ಥವಾಗುವಂಥ ಕಾರಣವೊಂದು ಸಿಕ್ಕಿತ್ತು. "ಸರಿ ಹಾಗಾದರೆ! ಬಾಗಿಲು ತೆರೆದಿದೆ. ಎಲ್ಲರೂ ಕಣ್ಣು ಮುಚ್ಚಿ ಒಂದು ನಮೋ ಮರಿಯಾ ಹೇಳೋಣ. ನೀನೂ ಮುಚ್ಚಬೇಕು ತಾಯೀ. ಅವರ ಪಾಡಿಗೆ ಅವರು ಹೋಗಲಿ, ನಾವು ಪೂಜೆಗೆ ಹೋಗೋಣ."

ಎಲ್ಲರೂ ಕಣ್ಣು ಮುಚ್ಚಿದರು. ನಾನು ಒಂದು ಗಳಿಗೆ ಅವರನ್ನು ನೋಡಿದೆ. ಮಣ್ಣಿನ ಮುಖ, ಸುಸ್ತಾದ ಮುಖ. ಊರಿಗೆ ಊರೇ ಕಾಯುತ್ತಿತ್ತು, ಗೇಟಿನ ಬಳಿ ಇನ್ನೊಬ್ಬರು ಕಾಯುತ್ತಿದ್ದರು. ಹೋಗಿ, ಎಂದುಕೊಂಡು ನಾನೂ ಮುಚ್ಚಿದೆ. ಪ್ರಾರ್ಥನೆಯ ನಡುವೆ ಕೆಂಪು ನೆಲದ ಮೇಲೆ ಸಣ್ಣ ಸದ್ದು ಕೇಳಿಸಿತು. ಟಕ್. ಟಕ್. ಆಮೇಲೆ ಇಲ್ಲ.

ಕಣ್ಣು ತೆರೆದಾಗ ಜೋಸೆಫರು ಹೊಸಿಲಿನ ಕಚ್ಚಿನಲ್ಲಿ ನಿಂತಿದ್ದರು. ಮುಖ ಒಳಗಡೆಗೆ, ನನ್ನ ಕಡೆಗೆ.

"ಯಾರು ನೋಡಿದ್ದು?" ಇನ್ನಾಸಪ್ಪ ಸಿಡುಕಿದರು. ಯಾರೂ ನೋಡಿರಲಿಲ್ಲ. ಮತ್ತೆ ಕಣ್ಣು ಮುಚ್ಚಿ, ಮತ್ತೆ ಪ್ರಾರ್ಥನೆ. ತೆರೆದರೆ ಅಲ್ಲೇ, ಹಾಗೇ. ಮೂರನೆಯ ಸಲ ಸ್ವಾಮಿಗಳು ಉದ್ದದ ಪ್ರಾರ್ಥನೆ ಆರಿಸಿದರು. ನಾನು ರೆಪ್ಪೆಗಳನ್ನು ಬೆರಳಿನಿಂದ ಒತ್ತಿ ಹಿಡಿದಿದ್ದೆ, ತಟ್ಟೆ ಅತ್ತೆಯ ಕಂಕುಳಲ್ಲಿತ್ತು. ತೆರೆದರೆ ಅವರು ಕಚ್ಚಿನಲ್ಲೇ ನಿಂತು ನನ್ನತ್ತ ನೋಡುತ್ತಿದ್ದರು. ಸ್ವಾಮಿಗಳ ಮುಖದ ಗೆಲುವು ಇಳಿಯಿತು. ನನ್ನದೂ ಇಳಿಯಿತು ಎನ್ನಬೇಕು. ಅಲ್ಲಿಯವರೆಗೆ ಅವರನ್ನು ನಾನೇ ಹಿಡಿದಿಟ್ಟುಕೊಂಡಿದ್ದೇನೆ ಎಂದು ತಿಳಿದಿದ್ದೆ.

ಆರೋಗ್ಯತ್ತೆ ಒಮ್ಮೆ ಜೋಸೆಫರನ್ನು, ಒಮ್ಮೆ ನನ್ನ ಬರಿಗಾಲನ್ನು ನೋಡಿದಳು. ಅವಳ ದನಿಯಲ್ಲಿ ಎಂದಿನ ಕಟಕಿಯೇ ಇತ್ತು.

"ಕಲ್ಲು ನಿಂತಂಗೆ ನಿಂತವಳಲ್ಲಾ. ಕಾಯ್ತಾವ್ರೆ ಕಣೇ. ಚಪ್ಪಲಿ ಹಾಕ್ಕೊ."

ನನ್ನ ಚಪ್ಪಲಿಗಳು ಎಲ್ಲಿವೆಯೆಂದು ನನಗೆ ಗೊತ್ತಿರಲಿಲ್ಲ. ಊರಿಗೆ ಕಾಣದಿರಲೆಂದು ಅಪ್ಪ ಅವನ್ನು ಎಲ್ಲೋ ಬಚ್ಚಿಟ್ಟಿದ್ದ. ಅವನು ಹೊಸಿಲ ಪಕ್ಕದಿಂದ ಎದ್ದ. ಅಟ್ಟದ ಮೇಲೆ ಕೈಯಾಡಿಸಿ, ಧೂಳು ಹಿಡಿದ ಜೋಡನ್ನು ತನ್ನ ಪಂಚೆಯ ತುದಿಯಿಂದ ಒರೆಸಿ, ನನ್ನ ಕಾಲ ಬಳಿ ಇಟ್ಟ. ಆಮೇಲೆ ಬೆತ್ತ ಎತ್ತಿಕೊಂಡು ಗುಂಪಿನ ಕಡೆ ತಿರುಗಿ, ಬೀದಿಯಲ್ಲಿ ಕೂಗುವ ದನಿಯಲ್ಲೇ ಕೂಗಿದ: "ನಿಂತು ನೋಡ್ತೀರೇನ್ರಯ್ಯಾ? ಮುಚ್ರಿ ಕಣ್ಣ! ನಡೀರಿ!"

ಹೀಗೆ ನಮ್ಮೂರು ಆ ಸಂಜೆ ಕಣ್ಣು ಮುಚ್ಚಿಕೊಂಡು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಚರ್ಚಿಗೆ ನಡೆಯಿತು. ಮುಂದೆ ಅಪ್ಪನ ಬೆತ್ತ ನೆಲ ಕುಟ್ಟುತ್ತಿತ್ತು. ತಿರುವಿನಲ್ಲಿ ಇನ್ನಾಸಪ್ಪ ಚರಂಡಿಗೆ ಬಿದ್ದರು. ಮೂವರು ಜ್ಞಾನಿಗಳ ಸಲೂನಿನ ಕಂಬಕ್ಕೆ ಸ್ವಾಮಿಗಳು ಹಣೆ ಜಜ್ಜಿಕೊಂಡರು. "ಪಾದ ನೋಡ್ಕೊಂಡು ನಡೀರಿ ಸ್ವಾಮಿ," ಎಂದಳು ಪುಟ್ಟಮಾದಮ್ಮ, ತಾನೂ ಕಣ್ಣು ಮುಚ್ಚಿಕೊಂಡೇ. ತಿಂಗಳುಗಳ ಕಾಲ ನನ್ನನ್ನು ಯಾರೂ ನೋಡಬಾರದೆಂದು ಅಪ್ಪ ಪಟ್ಟ ಪಾಡೆಲ್ಲ ಕೊನೆಗೂ ಫಲಿಸಿತ್ತು. ಇಡೀ ಊರಿನ ನಡುವೆ ಹೊಟ್ಟೆ ಮುಂದೆ ಮಾಡಿ ನಡೆಯುತ್ತಿದ್ದೆ, ಒಬ್ಬರೂ ನೋಡುತ್ತಿರಲಿಲ್ಲ. ಅತ್ತೆಯ ಕೈ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು, ಇನ್ನೊಂದು ಕಂಕುಳಿನ ತಟ್ಟೆ ಅವಳ ಬಳೆಗೆ ತಾಕಿ ಸದ್ದು ಮಾಡುತ್ತಿತ್ತು.

ನನ್ನ ಮುಂದೆ, ಒಂದು ಮಾರು ದೂರದಲ್ಲಿ, ಯಾರೋ ಸಣ್ಣ ಹೆಜ್ಜೆಯಿಟ್ಟು ನಡೆಯುತ್ತಿದ್ದರು. ನಾನು ನಿಂತರೆ ಆ ಸದ್ದೂ ನಿಲ್ಲುತ್ತಿತ್ತು, ಉಸಿರು ತೆಗೆದುಕೊಂಡು ಹೊರಟರೆ ಹೊರಡುತ್ತಿತ್ತು. ಟಕ್. ಟಕ್. ಕಣ್ಣು ತೆರೆದರೆ ಕಾಣುತ್ತಿತ್ತು. ನಾನು ತೆರೆಯಲಿಲ್ಲ.